ಮುಟ್ಟಿದ ಫೋನು ಬರುವ ತನಕ

ದೂರ ಮತ್ತು ಸಮಯದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂದು ಬಹಳ ವರ್ಷ ನಂಬಿಕೊಂಡು ಬದುಕಿದವನು ನಾನು. ನಂಬಲು ಕಾರಣವೂ ಇತ್ತು, ನನ್ನ ಅನ್ನ ಹುಟ್ಟುವುದೇ ಅದರಿಂದ. ಕೆನಡಾದಲ್ಲಿ, ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್ನಿನ ಒಂದು ಲಾರಿ ಕಂಪನಿಯಲ್ಲಿ ನಾನು ಡಿಸ್ಪ್ಯಾಚರ್. ಯಾವ ಲಾರಿ ಯಾವ ಊರಿಗೆ ಹೋಗಬೇಕು, ಎಷ್ಟು ಗಂಟೆಗೆ ಹೊರಡಬೇಕು, ಎಷ್ಟು ಗಂಟೆಗೆ ಮುಟ್ಟುತ್ತದೆ ಎಂದು ಮೂರು ಪರದೆಗಳ ಮುಂದೆ ಕೂತು ಹೇಳುವುದು ನನ್ನ ಕೆಲಸ. ಸಾಮಾನಿಗಾಗಿ ಕಾಯುತ್ತಿರುವವರಿಗೆ ನಾನು ಯಾವಾಗಲೂ ‘ಇನ್ನರ್ಧ ಗಂಟೆ’ ಎನ್ನುತ್ತೇನೆ. ಲಾರಿ ಆಗಿನ್ನೂ ನಮ್ಮ ಅಂಗಳದಲ್ಲೇ ನಿಂತಿದ್ದರೂ ಅಷ್ಟೆ. ಇದು ಸುಳ್ಳಲ್ಲ, ನಮ್ಮ ವೃತ್ತಿಯ ಸೌಜನ್ಯ. ಆದರೆ ಡ್ರೈವರುಗಳ ಮೇಲೆ ಮಾತ್ರ ನಾನು ಸೌಜನ್ಯ ತೋರಿಸುವುದಿಲ್ಲ. ಸಾಮಾನು ಇಳಿಸಿ, ಸಹಿ ಮಾಡಿಸಿ, ಆ ಕಾಗದದ ಫೋಟೋ ನನಗೆ ಕಳಿಸುವವರೆಗೆ ಲಾರಿ ಮುಟ್ಟಿತೆಂದು ನಾನು ಬರೆದುಕೊಳ್ಳುವುದೇ ಇಲ್ಲ. ಹಳೆಯ ಡ್ರೈವರ್ ಗುರ್ಮೀತ್ ಇದ್ದಾನೆ, ಅವನಿಗೆ ಮುಟ್ಟಿದ ಮೇಲೆ ಫೋನು ಮಾಡುವ ಅಭ್ಯಾಸವೇ ಇಲ್ಲ. ನಾನೇ ಮಾಡಿದರೆ, “ಪಹುಂಚ್ ಗಯಾ ಸಮಝೋ, ಭಾಯ್‌ಸಾಬ್” ಎಂದು ನಗುತ್ತಾನೆ. ಮುಟ್ಟಿದೆ ಎಂದು ನಾನೇ ತಿಳಿದುಕೊಳ್ಳಬೇಕಂತೆ. ಮುಟ್ಟಿದ ಮೇಲೆ ಒಂದು ಫೋನು ಮಾಡಲಿಕ್ಕೆ ನಿನಗೇನು ಧಾಡಿ ಎಂದು ನಾನು ಅವನಿಗೆ ಹಿಂದಿ, ಇಂಗ್ಲಿಷು, ಮತ್ತು ಸಿಟ್ಟು ಹೆಚ್ಚಾದಾಗ ಧಾರವಾಡದ ಕನ್ನಡದಲ್ಲಿ ಬೈದಿದ್ದೇನೆ. ಈ ಬೈಗುಳವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಮುಂದೆ ಅದು ನನ್ನ ಮೇಲೇ ಬರುವುದಿದೆ.

ಇಂಥ ವೃತ್ತಿಯವನಾದ್ದರಿಂದ ಇಲ್ಲಿನ ನಮ್ಮ ಕನ್ನಡದ ಗೆಳೆಯರು ಊರಿಗೆ ಹೋಗುವ ಮುಂಚೆ ನನ್ನನ್ನೇ ಕೇಳುತ್ತಾರೆ. ಟೊರಾಂಟೊದಿಂದ ಬೆಂಗಳೂರಿಗೆ ಎಷ್ಟು ದೂರ, ಎಷ್ಟು ತಾಸು. ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ. ಭೂಗೋಳದ ಮೇಲೆ ದಾರ ಎಳೆದು ಅಳೆದರೆ ಹದಿಮೂರು ಸಾವಿರ ಚಿಲ್ಲರೆ ಕಿಲೋಮೀಟರು. ಇಂಟರ್ನೆಟ್ಟಿನಲ್ಲಿ ಕೇಳಿದರೆ ಹದಿನೇಳು ತಾಸಿನ ಹಾರಾಟ ಎನ್ನುತ್ತದೆ. ಆದರೆ ಅದು ಎಲ್ಲಿಯೂ ಇಳಿಯದೆ, ಉಸಿರುಗಟ್ಟಿ ಹಾರುವ ವಿಮಾನದ ಲೆಕ್ಕ, ಅಂಥ ವಿಮಾನ ನಮ್ಮ ಪಾಲಿಗೆ ಇಲ್ಲ. ನಡುವೆ ಯುರೋಪಿನಲ್ಲಿ ಎಲ್ಲೋ ಇಳಿದು, ನಾಲ್ಕು ತಾಸು ಕುರ್ಚಿಯಲ್ಲಿ ತೂಕಡಿಸಿ, ಇನ್ನೊಂದು ವಿಮಾನ ಹತ್ತಬೇಕು. ಹಾಗಾಗಿ ಇಪ್ಪತ್ತೊಂದು ತಾಸು ಎಂದು ಹಿಡಿಯಿರಿ. ಇದಿಷ್ಟನ್ನು ನಾನು ಹೇಳುವ ಧಾಟಿ ನೋಡಿದರೆ ವಿಮಾನವನ್ನು ನಾನೇ ಓಡಿಸುತ್ತೇನೆ ಎಂದು ಹೊಸಬರು ತಿಳಿಯುತ್ತಾರೆ. ನಮ್ಮ ಅಕ್ಕ ಮಾತ್ರ ಈ ಯಾವ ಲೆಕ್ಕವನ್ನೂ ಒಪ್ಪುವುದಿಲ್ಲ. ಅವಳ ಪ್ರಕಾರ ಹುಬ್ಬಳ್ಳಿ ಒಂದು ಚಹಾದ ದಾರಿ, ಬೆಳಗಾವಿ ಒಂದು ನಾಷ್ಟಾದ ದಾರಿ. ಟೊರಾಂಟೊ ಯಾವ ದಾರಿ ಎಂದು ಕೇಳಿದ್ದಕ್ಕೆ, “ನಾಕು ಊಟ, ಎರಡು ಚಾ. ಊಟ ಅಂದ್ರ ಅವರು ಕೊಡೂ ಊಟ ಅಲ್ಲ, ನಾ ಕಟ್ಟಿಕೊಂಡ ಬುತ್ತಿ” ಎಂದಳು.

ಅಕ್ಕ ಹಾಗೆ ಅಳೆಯುವುದಕ್ಕೆ ಕಾರಣವಿದೆ. ಧಾರವಾಡದ ಸಪ್ತಾಪುರದಲ್ಲಿ ಮೂವತ್ತು ವರ್ಷದಿಂದ ಅವಳದೊಂದು ಖಾನಾವಳಿ. ಮನೆಯ ಮುಂದಿನ ಪಡಸಾಲೆಯಲ್ಲಿ ನಾಲ್ಕು ಬೆಂಚು, ಒಳಗೆ ಅಡುಗೆಮನೆ. ಕಾಲೇಜಿನ ಹುಡುಗರು ಬಂದು ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ತಿಂದು ಹೋಗುತ್ತಾರೆ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವಳು. ಅವ್ವ ಹೋದಾಗ ನಾನು ಚಡ್ಡಿ ಹಾಕುವ ಹುಡುಗ. ಅಲ್ಲಿಂದ ಮುಂದೆ ನನ್ನ ಅವ್ವನೂ ಅವಳೇ. ಹೋದ ಏಪ್ರಿಲ್‌ನಲ್ಲಿ ಖಾನಾವಳಿಯನ್ನು ಗೆಳತಿ ಗಂಗವ್ವನ ಕೈಗೆ ಒಪ್ಪಿಸಿ, ಆರು ತಿಂಗಳ ಮಟ್ಟಿಗೆ ಸ್ಟ್ರೀಟ್ಸ್‌ವಿಲ್‌ನ ನಮ್ಮ ಮನೆಗೆ ಬಂದಿದ್ದಳು. ಪೆಟ್ಟಿಗೆ ಬಿಚ್ಚಿದಾಗ ಅದರಲ್ಲಿ ಅರ್ಧ ಜೋಳದ ಹಿಟ್ಟು, ಉಳಿದರ್ಧ ಶೇಂಗಾ, ಮತ್ತು ಸೀರೆಯಲ್ಲಿ ಸುತ್ತಿದ ಒಂದು ಕಸಬರಿಗೆ. ಕೆನಡಾಕ್ಕೆ ಕಸಬರಿಗೆ ಯಾಕೆ ತಂದಿ ಎಂದು ಕೇಳಿದೆ. “ನಿಮ್ಮ ಮನ್ಯಾಗ ಬರೇ ಮಿಷನ್ ಅದಾವು ಅಂತ ಕೇಳೀನಿ. ಕರೆಂಟ್ ಹೋದ್ರ?” ಎಂದಳು. ಆರು ತಿಂಗಳಲ್ಲಿ ಕರೆಂಟು ಒಮ್ಮೆಯೂ ಹೋಗಲಿಲ್ಲ. ಅದೊಂದು ವಿಷಯದಲ್ಲಿ ಅಕ್ಕನಿಗೆ ಈ ದೇಶದ ಮೇಲೆ ಸ್ವಲ್ಪ ಬೇಸರ. ಕಸಬರಿಗೆ ಬೇಸ್‌ಮೆಂಟಿನ ಬಾಗಿಲ ಹಿಂದೆ ನಿಂತೇ ಇತ್ತು.

ಇಲ್ಲಿ ನನ್ನ ಹೆಂಡತಿ ಸವಿತಾಳನ್ನೂ ಪರಿಚಯಿಸಬೇಕು. ಮೈಸೂರಿನವಳು, ಕ್ವೀನ್ ಸ್ಟ್ರೀಟಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಜನರ ಹಲ್ಲು ಶುಚಿ ಮಾಡುವ ಕೆಲಸ. ಇಡೀ ದಿನ ಪರರ ಹಲ್ಲಿನ ಸಂದಿಯ ಕೊಳೆ ತೆಗೆದು ಬಂದವಳಿಗೆ ಮನೆಯ ಸಂದಿಗಳು ಕಣ್ಣಿಗೆ ಬೀಳದೆ ಇರುತ್ತವೆಯೇ. ಅವಳ ಸಮಾಧಾನಕ್ಕೆಂದು ನಮ್ಮ ಮಗಳು ಅನಘಾ, ವಾಟರ್‌ಲೂಗೆ ಓದಲು ಹೋಗುವ ಮುಂಚೆ, ತಾನೇ ಓಡಾಡಿ ಕಸ ಎಳೆದುಕೊಳ್ಳುವ ಒಂದು ದುಂಡನೆಯ ಯಂತ್ರ ತಂದುಕೊಟ್ಟಿದ್ದಳು. ದಿನಾ ಸಂಜೆ ನಾಲ್ಕಕ್ಕೆ ಅದು ತನ್ನ ಮೂಲೆಯಿಂದ ಹೊರಟು ಮನೆಯನ್ನೆಲ್ಲ ಸುತ್ತುತ್ತದೆ. ಅಕ್ಕ ಅದಕ್ಕೆ ಗುಂಡ ಎಂದು ಹೆಸರಿಟ್ಟಳು. ರೊಟ್ಟಿ ಬಡಿಯುತ್ತಾ ಕೂತಾಗ ಅದು ಕಾಲಿಗೆ ಬಂದು ತಾಕಿದರೆ, “ಅತ್ತಾಗ ಹೋಗೋ ಗುಂಡ್ಯಾ, ಹಿಟ್ಟೆಲ್ಲಾ ತಿನ್ನಬ್ಯಾಡ” ಎಂದು ಬೈಯುತ್ತಿದ್ದಳು. ಅದು ತಿರುಗಿ ಹೋಗುತ್ತಿತ್ತು. ಆ ಮನೆಯಲ್ಲಿ ಅಕ್ಕನ ಮಾತನ್ನು ಮೊದಲ ಸಲಕ್ಕೇ ಕೇಳುತ್ತಿದ್ದುದು ಗುಂಡ ಒಬ್ಬನೇ.

ಅಕ್ಟೋಬರಿನ ಒಂದು ಶನಿವಾರ ಅಕ್ಕ ಹೊರಟಳು. ಸಂಜೆ ಆರಕ್ಕೆ ವಿಮಾನ. ಬೆಳಗಿನಿಂದ ಮಧ್ಯಾಹ್ನದವರೆಗೆ ನಮಗೆಂದು ರೊಟ್ಟಿ ಬಡಿದು ಒಣಗಿಸಿದಳು, ಅವಲಕ್ಕಿ ಚೂಡಾ ಮಾಡಿ ಡಬ್ಬಿ ತುಂಬಿದಳು. ನಾನು ಅವಳ ಪೆಟ್ಟಿಗೆ ತೂಗಿ, ಬಿಚ್ಚಿ, ಮತ್ತೆ ಕಟ್ಟಿ, ಟೇಪು ಸುತ್ತಿದೆ. ಹೊರಡುವ ಹೊತ್ತಿಗೆ ಅಡುಗೆಮನೆಯ ನೆಲದ ತುಂಬ ಜೋಳದ ಹಿಟ್ಟು, ಅದರ ಮೇಲೆ ಅಕ್ಕನ ಹೆಜ್ಜೆ. ಹಾಲಿನಲ್ಲಿ ಚೂಡಾ, ಟೇಪಿನ ಚೂರು, ದಾರ. ಸವಿತಾ ಅದನ್ನು ನೋಡುತ್ತಿದ್ದ ರೀತಿಯಲ್ಲೇ, ಅಕ್ಕ ಕಾರು ಹತ್ತಿದ ಮರುಕ್ಷಣ ಏನಾಗುತ್ತದೆ ಎಂದು ನನಗೆ ಗೊತ್ತಾಗುತ್ತಿತ್ತು. ಅಕ್ಕನಿಗೂ ಗೊತ್ತಾಯಿತು. ಬಾಗಿಲಲ್ಲಿ ನಿಂತು, ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹೇಳಿದಳು. “ಸವಿತಾ, ನಾ ಮುಟ್ಟೀನಿ ಅಂತ ಫೋನ್ ಮಾಡೂತನಕ ಕಸಾ ಹೊಡಿಬ್ಯಾಡವಾ.” ನಮ್ಮ ಕಡೆ ಇದು ಹಳೆಯ ಪದ್ಧತಿ. ಮನೆಯಿಂದ ಯಾರಾದರೂ ಊರಿಗೆ ಹೊರಟರೆ, ಅವರು ಹೋದ ಬೆನ್ನಿಗೇ ಕಸ ಗುಡಿಸಬಾರದು, ಹೋದವರನ್ನೇ ಗುಡಿಸಿ ಹಾಕಿದಂತೆ ಆಗುತ್ತದೆ ಎನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಒಂದು ತಾಸು ಬಿಟ್ಟು ಗುಡಿಸಿಬಿಡುತ್ತಾರೆ. ಅಕ್ಕನದು ಕಟ್ಟುನಿಟ್ಟು, ಮುಟ್ಟಿದ ಸುದ್ದಿ ಬರಲೇಬೇಕು. ಹುಬ್ಬಳ್ಳಿಗೆ ಹೋಗುವವರ ಕಾಲದಲ್ಲಿ ಮಾಡಿಟ್ಟ ಈ ನಿಯಮ ಟೊರಾಂಟೊಕ್ಕೆ ಹೇಗೆ ಹೊಂದುತ್ತದೆ ಅಕ್ಕಾ ಎಂದು ನಾನು ನಕ್ಕೆ. ಸವಿತಾ ನಗಲಿಲ್ಲ. “ಆಗ್ಲಿ ಅಕ್ಕಾ, ಕಸಬರಿಗೆ ಮುಟ್ಟಲ್ಲ” ಎಂದಳು. ನನಗೆ ಆಶ್ಚರ್ಯವಾಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ಇಷ್ಟು ಬೇಗ ಒಪ್ಪಿಕೊಂಡ ಇನ್ನೊಂದು ಮಾತು ನನಗೆ ನೆನಪಿಲ್ಲ.

ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿ ತಳ್ಳುವ ಹುಡುಗಿಯೊಬ್ಬಳು ಬಂದು ಅಕ್ಕನನ್ನು ಕೂರಿಸಿಕೊಂಡು ಹೋದಳು. ಹೋಗುವಾಗ ಅಕ್ಕ ತಿರುಗಿ ನೋಡಲಿಲ್ಲ, ಅದೂ ಅವಳ ನಿಯಮಗಳಲ್ಲೊಂದು. ನಾವಿಬ್ಬರೂ ಅಲ್ಲೇ ಒಂದು ಬೆಂಚಿನ ಮೇಲೆ ಕಾಫಿ ಹಿಡಿದು ಸುಮ್ಮನೆ ಕೂತೆವು. ನಾಲ್ಕು ಗಂಟೆಯಾಗಿ ಒಂದು ನಿಮಿಷಕ್ಕೆ ಸವಿತಾ ಧಡಕ್ಕನೆ ಎದ್ದು ನಿಂತಳು. “ರೀ, ಗುಂಡ.” ನನಗೂ ಆಗಲೇ ಹೊಳೆದದ್ದು. ಅವನಿಗೆ ಯಾರು ಹೇಳಿದ್ದರು. ಸವಿತಾ ಮಗಳಿಗೆ ಫೋನು ಮಾಡಿದಳು, ಗುಂಡನ ಲಗಾಮು ಇರುವುದು ಅವಳ ಫೋನಿನಲ್ಲಿ. ಕೂಡಲೇ ನಿಲ್ಲಿಸು ಎಂದಳು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಓಕೆ ಓಕೆ, ಬಟ್ ವೈ?” ಎಂದಳು. “ಅತ್ತೆ ಇನ್ನೂ ತಲುಪಿಲ್ಲ ಕಣೇ” ಎಂದಳು ಇವಳು. “ಅಮ್ಮಾ, ಶಿ ಹ್ಯಾಸಂಟ್ ಈವನ್ ಲೆಫ್ಟ್.” “ಅದಕ್ಕೇ ನಿಲ್ಲಿಸು ಅಂತಿರೋದು.” ಮಗಳು ನಿಲ್ಲಿಸಿದೆ ಎಂದು ಹೇಳಿ, ಗುಂಡ ಅಷ್ಟರಲ್ಲಿ ಹನ್ನೊಂದು ಚದರ ಅಡಿ ಮುಗಿಸಿದ್ದಾನೆ ಎಂಬುದನ್ನೂ ತಿಳಿಸಿದಳು. ಇವತ್ತಿನ ಯಂತ್ರಗಳ ದೊಡ್ಡ ತೊಂದರೆ ಇದೇ. ತಪ್ಪು ಮಾಡುತ್ತವೆ, ಮಾಡಿದ್ದನ್ನು ಅಳತೆಯ ಸಮೇತ ಬರೆದಿಡುತ್ತವೆ.

ಮನೆಗೆ ಬಂದರೆ ಗುಂಡ ಸೋಫಾದ ಹತ್ತಿರ ಕಂಗೆಟ್ಟು ನಿಂತಿದ್ದ. ಅವನ ಹಿಂದೆ ಅಡುಗೆಮನೆಯ ಬಾಗಿಲವರೆಗೆ ಒಂದು ಶುಭ್ರವಾದ ಪಟ್ಟಿ. ಉಳಿದೆಡೆ ಹಿಟ್ಟು, ಚೂಡಾ. ನಾವು ಆ ಪಟ್ಟಿಯನ್ನು ದಾಟಿಕೊಂಡೇ ಓಡಾಡಿದೆವು. ಊಟಕ್ಕೆ ಕೂತಾಗ ಎಷ್ಟು ತಾಸು ಹೀಗೆ ಎಂಬ ಚರ್ಚೆ ಬಂತು. ಇಂಟರ್ನೆಟ್ಟಿನ ಲೆಕ್ಕ ಹಿಡಿದರೆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗುಡಿಸಬಹುದು. ನನ್ನ ಲೆಕ್ಕದಲ್ಲಿ ಭಾನುವಾರ ಮಧ್ಯಾಹ್ನ ಮೂರು. ಸವಿತಾ ಎರಡನ್ನೂ ಒಪ್ಪಲಿಲ್ಲ. ಅಕ್ಕ ಬೆಂಗಳೂರಿನಲ್ಲಿ ಇಳಿದು, ನಮ್ಮ ಚಿಕ್ಕಪ್ಪನ ಮಗಳ ಮನೆಯಲ್ಲಿ ಮಲಗೆದ್ದು, ಮಧ್ಯಾಹ್ನದ ರೈಲು ಹಿಡಿದು, ಧಾರವಾಡದ ಮನೆಯ ಹೊಸ್ತಿಲು ತುಳಿಯುವಾಗ ಅಲ್ಲಿ ಸೋಮವಾರ ರಾತ್ರಿ ಏಳೂವರೆ, ಇಲ್ಲಿ ಸೋಮವಾರ ಬೆಳಿಗ್ಗೆ ಹತ್ತು. ಹೊರಟಾಗಿನಿಂದ ಎಣಿಸಿದರೆ ನಲವತ್ತನಾಲ್ಕು ತಾಸಿಗೂ ಮೇಲೆ. ಹಲ್ಲಿನ ಮೇಲಿನ ಕೂದಲೆಳೆಯಷ್ಟು ಕೊಳೆಯನ್ನೂ ಬಿಡದ ಹೆಂಗಸು ನಲವತ್ತನಾಲ್ಕು ತಾಸು ಚೂಡಾದ ಮೇಲೆ ನಡೆಯಲು ಸಿದ್ಧಳಾಗಿ ಕೂತಿದ್ದಳು. ಇದೆಲ್ಲ ನಿನಗ್ಯಾಕೆ, ನೀನೇನು ಇದನ್ನು ನಂಬುತ್ತೀಯಾ ಎಂದು ಕೇಳಿದೆ. “ನಂಬೋದು ಬಿಡೋದು ಬೇರೆ. ನಾನು ಆಗ್ಲಿ ಅಂದಿದ್ದೀನಲ್ಲ” ಎಂದಳು.

ನಾನು ನಂಬುವವನಲ್ಲ. ಇದನ್ನು ಮೊದಲೇ ಸ್ಪಷ್ಟಪಡಿಸಿಬಿಡುತ್ತೇನೆ, ಯಾಕೆಂದರೆ ಇನ್ನು ಹೇಳುವುದನ್ನು ಕೇಳಿದ ಮೇಲೆ ನೀವು ನನ್ನ ಮಾತು ನಂಬಲಾರಿರಿ. ಯುರೋಪಿನಲ್ಲಿ ಇಳಿದ ಕೂಡಲೇ ಒಂದು ಮೆಸೇಜು ಹಾಕು ಎಂದು ಅಕ್ಕನಿಗೆ ಹತ್ತು ಸಲ ಕಲಿಸಿದ್ದೆ. ಭಾನುವಾರ ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಮೆಸೇಜಿಲ್ಲ. ನಾನು ಕಳಿಸಿದ್ದಕ್ಕೂ ಒಂದೇ ಟಿಕ್ ಗುರುತು, ಅವಳ ಫೋನಿಗೆ ಅದು ಮುಟ್ಟಿಯೇ ಇರಲಿಲ್ಲ. ಫೋನಿನ ನಕ್ಷೆಯಲ್ಲಿ ಎರಡನೆಯ ವಿಮಾನ ಆಗಲೇ ಹೊರಟಿತ್ತು, ಹಳದಿ ಬಣ್ಣದ ಪುಟ್ಟ ಗುರುತು ನಿಧಾನಕ್ಕೆ ಪೂರ್ವಕ್ಕೆ ಸರಿಯುತ್ತಿತ್ತು. ಅಕ್ಕ ಅದರೊಳಗೆ ಇದ್ದಾಳೋ ಇಲ್ಲವೋ ಎಂದು ಆ ಗುರುತು ಹೇಳುವುದಿಲ್ಲ. ಗಾಲಿಕುರ್ಚಿಯವರು ಬರದೇ ಹೋಗಿದ್ದರೆ, ಬೇರೆ ಗೇಟಿನಲ್ಲಿ ಬಿಟ್ಟಿದ್ದರೆ, ಭಾಷೆ ಬಾರದ ಊರಲ್ಲಿ ಅಕ್ಕ ಬುತ್ತಿಯ ಗಂಟು ಹಿಡಿದು ಕೂತಿದ್ದರೆ. ದಿನಕ್ಕೆ ಎಪ್ಪತ್ತು ಲಾರಿಗಳ ಚಿಂತೆ ಮಾಡುವವನಿಗೆ ಒಬ್ಬ ಅಕ್ಕನ ಚಿಂತೆ ಮಾಡಲು ಬರಲಿಲ್ಲ. ಕೆಳಗಿಳಿದು ಬಂದೆ. ಆ ಶುಭ್ರವಾದ ಪಟ್ಟಿ ಕಣ್ಣಿಗೆ ಬಿತ್ತು. ಸುತ್ತಮುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಗುಂಡನನ್ನು ಮಗುಚಿ ಹಾಕಿ, ಅವನ ಹೊಟ್ಟೆಯ ಡಬ್ಬಿ ಬಿಚ್ಚಿ, ಒಳಗಿದ್ದ ಹಿಟ್ಟು, ಚೂಡಾ, ಟೇಪಿನ ಚೂರುಗಳನ್ನು ಆ ಪಟ್ಟಿಯ ಮೇಲೆ ವಾಪಸು ಉದುರಿಸತೊಡಗಿದೆ. ಒಂದೇ ಕಡೆ ಗುಡ್ಡೆಯಾಗದ ಹಾಗೆ, ರಂಗೋಲಿ ಪುಡಿ ಬಿಡುವಂತೆ ಬೆರಳಿನಿಂದ ಬಿಡುತ್ತಿದ್ದೆ.

ಮಾಡುತ್ತಿರುವಾಗ ಮೆಟ್ಟಿಲ ಮೇಲೆ ಸದ್ದಾಯಿತು. ಸವಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಈಗ ಇವಳು ಇದನ್ನು ತನ್ನ ಕ್ಲಿನಿಕ್ಕಿನವರಿಗೆಲ್ಲ ಹೇಳುತ್ತಾಳೆ, ನನ್ನ ಮರ್ಯಾದೆ ಇಲ್ಲಿಗೆ ಮುಗಿಯಿತು ಎಂದುಕೊಂಡು ನಾನು ಮೊಣಕಾಲ ಮೇಲೆ ಹಾಗೆಯೇ ಕೂತೆ. ಅವಳು ಹೇಳಿದ್ದು ಇಷ್ಟೇ. “ಅಲ್ಲಲ್ಲ, ಅಡುಗೆಮನೆ ಹತ್ರ ಹಿಟ್ಟು ಜಾಸ್ತಿ ಇತ್ತು. ಚೂಡಾ ಈ ಕಡೆ.” ಆಮೇಲೆ ಕೆಳಗೆ ಬಂದು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಡಬ್ಬಿಯ ಮೂಲೆಯಲ್ಲಿ ಅಂಟಿಕೊಂಡಿದ್ದನ್ನೂ ಉಗುರಿನಿಂದ ಕೆರೆದು ಕೊಟ್ಟಳು. ಕೆಲಸ ಮುಗಿದ ಮೇಲೆ ಇಬ್ಬರೂ ನಗಲಾರದೆ ಕೂತಿದ್ದಾಗ ಅವಳು ಕೇಳಿದಳು. “ನೀವು ಮೊದಲ ಸಲ ಇಲ್ಲಿಗೆ ಬಂದಾಗ ಅಕ್ಕಂಗೆ ಯಾವಾಗ ಫೋನ್ ಮಾಡಿದ್ರಿ, ಜ್ಞಾಪಕ ಇದ್ಯಾ?”

ಜ್ಞಾಪಕವಿತ್ತು, ಇಲ್ಲ ಎಂದು ಹೇಳಲು ಮನಸ್ಸಾಯಿತು ಅಷ್ಟೆ. ಇಪ್ಪತ್ತು ವರ್ಷದ ಹಿಂದಿನ ಮಾತು. ಟೊರಾಂಟೊದ ಎಟೋಬಿಕೋಕ್‌ನಲ್ಲಿ ಗೆಳೆಯನೊಬ್ಬನ ಬೇಸ್‌ಮೆಂಟಿಗೆ ಬಂದಿಳಿದೆ. ಒಂದು ದಿನ ಪೂರ್ತಿ ನಿದ್ದೆ ಮಾಡಿದೆ. ಎರಡನೆಯ ದಿನ ಹಿಮ ಬಿತ್ತು, ಅದನ್ನು ನೋಡುತ್ತ ನಿಂತೆ, ಗೆಳೆಯನ ಜೊತೆ ಸರೋವರ ನೋಡಲು ಹೋದೆ. ಮೂರನೆಯ ದಿನ ಸಂಜೆ ಅಂಗಡಿಯಲ್ಲಿ ಫೋನಿನ ಕಾರ್ಡು ಕಂಡಾಗ ನೆನಪಾಯಿತು. ಆಮೇಲೆ ಯಾರಾದರೂ ಕೇಳಿದರೆ ಕಾರ್ಡು ಸಿಗಲಿಲ್ಲ, ಲೈನು ಸಿಗಲಿಲ್ಲ ಎಂದು ಹೇಳುತ್ತ ಬಂದೆ, ಹೇಳಿ ಹೇಳಿ ನಾನೂ ಅದನ್ನೇ ನಂಬಿದ್ದೆ. ನಿಜವೆಂದರೆ ಮರೆತಿದ್ದೆ. ಫೋನು ಎತ್ತಿದ ಅಕ್ಕ ಬೈಯಲಿಲ್ಲ, ಅಳಲಿಲ್ಲ. “ಮುಟ್ಟಿದೇನಪಾ? ಛಲೋ ಆತು” ಎಂದಳು. ಅಷ್ಟರಲ್ಲೇ ಫೋನಿನಲ್ಲಿ ಸರ್ ಸರ್ ಎಂದು ಏನೋ ಸದ್ದು ಶುರುವಾಯಿತು. ಅಕ್ಕಾ, ಲೈನ್ ಛಲೋ ಇಲ್ಲ, ಬರೇ ಸರ್ ಸರ್ ಅಂತೈತಿ ಎಂದೆ. “ಹೌದೇಳು, ಲೈನ್ ಕೆಟ್ಟೈತಿ. ಇಡು” ಎಂದಳು. ಅಗ್ಗದ ಕಾರ್ಡು ಕೊಟ್ಟನಲ್ಲ ಎಂದು ಅಂಗಡಿಯವನ ಮೇಲೆ ಸಿಟ್ಟು ಮಾಡಿಕೊಂಡು ಬಂದಿದ್ದೆ.

ಸವಿತಾ ಹೇಳಿದಳು. ಬೇಸಿಗೆಯಲ್ಲಿ ಒಂದು ದಿನ ಅಕ್ಕ ರೊಟ್ಟಿ ಬಡಿಯುತ್ತಾ ಅವಳಿಗೆ ಹೇಳಿದ್ದಂತೆ, ಅದೂ ದೂರಾಗಿ ಅಲ್ಲ, ನಗುತ್ತಾ. ನಾನು ಹೊರಟ ದಿನ ಅಕ್ಕ ಖಾನಾವಳಿಯ ಹುಡುಗರಿಗೆ ಎರಡು ದಿನ ಊಟ ಇಲ್ಲ ಎಂದಿದ್ದಳು. ಕಸ ಹೊಡೆಯದ ಮನೆಯಲ್ಲಿ ನಾಲ್ಕು ಜನಕ್ಕೆ ಎಲೆ ಹಾಕುವುದು ಹೇಗೆ. ಎರಡು ದಿನ ಹೋಗಿ ಐದು ದಿನವಾಯಿತು. ಖಾಯಂ ಬರುವ ಹುಡುಗರು ಮೂರನೆಯ ದಿನ ಬಂದು, ಬಿಡ್ರಿ ಅಕ್ಕಾವರ, ನಾವ ಹೊಡದು ಕೊಡ್ತೀವಿ ಎಂದರೆ ಕಸಬರಿಗೆ ಕೊಡಲಿಲ್ಲವಂತೆ. ಗಂಗವ್ವ ಬಂದು, ವಿಮಾನ ಎಂದೋ ಮುಟ್ಟೈತಿ, ಹುಚ್ಚಿ ಹಂಗ ಮಾಡಬ್ಯಾಡ ಎಂದಳಂತೆ. ಅದಕ್ಕೆ ಅಕ್ಕ, “ವಿಮಾನ ಮುಟ್ಟಿರಬೇಕು. ಅಂವ ಇನ್ನೂ ದಾರ್ಯಾಗ ಅದಾನ” ಎಂದಳಂತೆ. ಐದನೆಯ ದಿನ ನನ್ನ ಫೋನು ಬಂತು. “ಮಾತಾಡ್ತಾ ಮಾತಾಡ್ತಾನೇ ಗುಡಿಸೋಕೆ ಶುರು ಮಾಡಿದ್ರಂತೆ ರೀ. ನೀವು ಲೈನ್ ಸರಿಯಿಲ್ಲ ಅಂದ್ರಂತೆ. ಅಕ್ಕ ಹೌದು ಅಂದ್ರಂತೆ” ಎಂದಳು ಸವಿತಾ.

ನನಗೆ ಬಹಳ ನಾಚಿಕೆಯಾಯಿತು. ದುಃಖ ಆಗಲಿಲ್ಲ ಎಂದರೆ ಅದೂ ಸುಳ್ಳು. ಇಪ್ಪತ್ತು ವರ್ಷ ಕಂಡಕಂಡವರಿಗೆಲ್ಲ ನನ್ನ ಮೊದಲ ಪ್ರಯಾಣ ಎರಡು ದಿನದ್ದು ಎಂದು ಹೇಳಿಕೊಂಡು ಬಂದಿದ್ದೇನೆ. ಧಾರವಾಡದಲ್ಲಿ ಅದು ಐದು ದಿನದ್ದು, ಅದಕ್ಕೆ ಸಾಕ್ಷಿಯಾಗಿ ನಾಲ್ಕು ಬೆಂಚು ಖಾಲಿ ಇದ್ದವು. ಸಹಿಯಾದ ಕಾಗದ ಬರುವವರೆಗೆ ಲಾರಿ ಮುಟ್ಟಿಲ್ಲ ಎಂದು ಊರಿಗೆಲ್ಲ ಪಾಠ ಹೇಳುವವನು ನಾನು. ಗುರ್ಮೀತನ ಮುಖ ಕಣ್ಣ ಮುಂದೆ ಬಂತು, ನಗುತ್ತಲೇ ಬಂತು.

ಆ ಸಂಜೆ ಐದೂವರೆಗೆ ಬೆಂಗಳೂರಿನಿಂದ ಚಿಕ್ಕಪ್ಪನ ಮಗಳ ಮೆಸೇಜು ಬಂತು, ಅಕ್ಕ ಬಂದಿದ್ದಾಳೆ, ಆರಾಮಿದ್ದಾಳೆ, ಉಳಿದ ಬುತ್ತಿಯನ್ನು ನಮಗೂ ತಿನ್ನಿಸುತ್ತಿದ್ದಾಳೆ ಎಂದು. ಎದೆ ಹಗುರಾಯಿತು. ಸವಿತಾಳ ಕೈ ಒಂದು ಕ್ಷಣ ಗುಂಡನ ಕಡೆ ಹೋದದ್ದನ್ನು ನಾನು ನೋಡಿದೆ. ಬೆಂಗಳೂರು ಅಂದ್ರೆ ಗೇಟು ಮುಟ್ಟಿದ ಹಾಗೆ, ಸಹಿ ಇನ್ನೂ ಆಗಿಲ್ಲ ಎಂದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಸೋಮವಾರ ನಾನು ರಜೆ ಹಾಕಿದೆ. ಯಾಕೆ ಎಂದು ಕೇಳಿದ ಮ್ಯಾನೇಜರಿಗೆ ನಮ್ಮ ಒಂದು ಡೆಲಿವರಿ ಬಾಕಿ ಇದೆ ಎಂದೆ. ಯಾವ ಲಾರಿ ಎಂದು ಅವನು ಹುಡುಕಿರಬೇಕು. ಒಂಬತ್ತು ಗಂಟೆಗೆ ಬೇಸ್‌ಮೆಂಟಿಗೆ ಇಳಿದು ಬಾಗಿಲ ಹಿಂದಿನ ಕಸಬರಿಗೆ ತಂದು ಹಾಲಿನ ಗೋಡೆಗೆ ಒರಗಿಸಿದೆ. ಅದರ ಪಕ್ಕದಲ್ಲಿ ಗುಂಡ, ಗುಂಡನ ಪಕ್ಕದಲ್ಲಿ ನಾನು. ಸವಿತಾ ಕ್ಲಿನಿಕ್ಕಿಗೆ ಹೋಗುವ ಮುನ್ನ ನಮ್ಮ ಮೂವರನ್ನೂ ಒಮ್ಮೆ ನೋಡಿ, ತುದಿಗಾಲಲ್ಲಿ ಚೂಡಾ ದಾಟಿ ಹೋದಳು.

ಹತ್ತು ಗಂಟೆಗೆ ಫೋನು ಬರಲಿಲ್ಲ. ಹತ್ತೂಕಾಲಿಗೂ ಬರಲಿಲ್ಲ. ಹತ್ತೂವರೆಯವರೆಗೆ ನಾನು ಆ ಐದು ದಿನಗಳ ಬಗ್ಗೆ ಚೆನ್ನಾಗಿ ಯೋಚನೆ ಮಾಡಿದೆ. ಅರ್ಧ ಗಂಟೆ ಎಷ್ಟು ಉದ್ದ ಎಂದು, ಜನರಿಗೆ ದಿನಾ ಅರ್ಧ ಗಂಟೆ ಎಂದು ಹೇಳುವ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹತ್ತೂ ಮೂವತ್ತೈದಕ್ಕೆ ಫೋನು ಬಂತು. “ಮುಟ್ಟೀನೋ ತಮ್ಮಾ. ಕಾಲ್ತೊಳಕೊಂಡು, ನೀರು ಕುಡದು ಮಾಡಾಕತ್ತೀನಿ.” ದಾರಿಯಲ್ಲಿ ಮೆಸೇಜು ಯಾಕೆ ಹಾಕಲಿಲ್ಲ ಎಂದು ಕೇಳಿದೆ. “ಆ ಊರಾಗ ಫೋನ್ ಏನೇನೋ ಪಾಸ್ವರ್ಡ್ ಕೇಳಾಕತ್ತಿತ್ತು. ಮನೀ ಮುಟ್ಟಿದ ಮ್ಯಾಲ ಹೇಳಿದ್ರಾತು ಅಂತ ಬಿಟ್ಟೆ. ದಾರ್ಯಾಗ ಇದ್ದಾಗ ಏನ್ ಹೇಳೂದು?” ಎಂದಳು. ರೈಲು ಬರೇ ಅರ್ಧ ತಾಸು ತಡವಂತೆ. ಗಂಗವ್ವ ಹಿಂಡಿಗೆ ಉಪ್ಪು ಕಡಿಮೆ ಹಾಕಿ ಹುಡುಗರನ್ನು ಕೆಡಿಸಿದ್ದಾಳಂತೆ. ನಾನು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಬಗ್ಗಿ, ಕಸಬರಿಗೆ ಹಿಡಿದು ಗುಡಿಸಲು ಶುರು ಮಾಡಿದೆ.

“ಏನೋ ಅದು ಸಪ್ಪಳ?” ಎಂದಳು.

“ಲೈನ್ ಛಲೋ ಇಲ್ಲಕ್ಕಾ. ಸರ್ ಸರ್ ಅಂತೈತಿ” ಎಂದೆ.

ನಾನು ಗುಡಿಸುವುದನ್ನು ನಿಲ್ಲಿಸಲಿಲ್ಲ. ಹದಿಮೂರು ಸಾವಿರ ಕಿಲೋಮೀಟರಿನ ಆಚೆ ಅವಳು ಮೂಗು ಎಳೆದುಕೊಂಡದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಲೈನ್ ಛಲೋ ಐತಿ” ಎಂದಳು ಕೊನೆಗೆ. “ನೀ ಸೋಫಾದ ಬುಡಕ ಹೊಡ್ಯಾಕತ್ತಿಲ್ಲ. ಬಗ್ಗಿ ಹೊಡಿ.”

ಬಗ್ಗಿ ಹೊಡೆದೆ. ಅಡುಗೆಮನೆಯಲ್ಲಿ ಹಿಟ್ಟಿನ ಮೇಲೆ ಅಕ್ಕನ ಹೆಜ್ಜೆಗಳಿದ್ದವು, ಅವುಗಳನ್ನೂ ಗುಡಿಸಿದೆ. ಮನಸ್ಸಿಗೆ ಕಷ್ಟವೇನೂ ಆಗಲಿಲ್ಲ, ಆ ಪಾದಗಳು ಮನೆ ಮುಟ್ಟಿ, ತೊಳೆದುಕೊಂಡು, ಚಾಪೆಯ ಮೇಲೆ ಚಾಚಿದ್ದು ನನಗೆ ಗೊತ್ತಿತ್ತು. ಸಂಜೆ ನಾಲ್ಕಕ್ಕೆ ಮಗಳಿಗೆ ಹೇಳಿ ಗುಂಡನನ್ನೂ ಕೆಲಸಕ್ಕೆ ಬಿಟ್ಟೆ. ಮನೆ ಮೊದಲಿನಂತಾಯಿತು. ನಾನು ಮಾತ್ರ ಮೊದಲಿನವನಲ್ಲ, ಇನ್ನು ಮುಂದೆ ಬ್ರ್ಯಾಂಪ್ಟನ್ನಿನಲ್ಲಿ ಇದ್ದರೂ ಚಂದ್ರಲೋಕದಲ್ಲಿ ಇದ್ದರೂ ಮುಟ್ಟಿದ ಕೂಡಲೇ ಫೋನು ಮಾಡುವವನು ಎಂದು ರಾತ್ರಿಯ ಊಟದ ಹೊತ್ತಿಗೆ ಸವಿತಾಳಿಗೆ ಸಾಕಷ್ಟು ಉದ್ದವಾದ ಭಾಷಣ ಮಾಡಿದೆ. ಅವಳು ಮೊಸರು ಬಡಿಸಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಹೋದೆ. ಸ್ಟ್ರೀಟ್ಸ್‌ವಿಲ್‌ನಿಂದ ಬ್ರ್ಯಾಂಪ್ಟನ್ನಿಗೆ ಇಪ್ಪತ್ತೈದು ನಿಮಿಷ, ಅಕ್ಕನ ಲೆಕ್ಕದಲ್ಲಿ ಅರ್ಧ ಚಹಾ. ಹೋದ ಕೂಡಲೇ ಗುರ್ಮೀತನಿಗೆ ಫೋನು ಮಾಡಿ, ಹಿಂದಿನ ರಾತ್ರಿ ಮುಟ್ಟಿದ ಮೇಲೆ ತಿಳಿಸಲಿಲ್ಲ ಎಂದು ಬೈದೆ. ಈ ಸಲ ನನ್ನ ಬೈಗುಳದಲ್ಲಿ ಹೊಸ ಶಕ್ತಿ ಇತ್ತು. ತಪ್ಪಾಯ್ತು ಭಾಯ್‌ಸಾಬ್ ಎಂದು ಮೊದಲ ಸಲ ಅವನು ಒಪ್ಪಿಕೊಂಡ. ಆ ಖುಷಿಯಲ್ಲಿ ಕಾಫಿ ಕುಡಿಯುತ್ತಾ ಕೂತಿರುವಾಗ, ಹನ್ನೊಂದು ಗಂಟೆಗೆ ಮನೆಯಿಂದ ಫೋನು ಬಂತು. ಮಂಗಳವಾರ ಸವಿತಾಳಿಗೆ ರಜೆ, ಮನೆ ಶುಚಿ ಮಾಡುವ ದಿನ.

“ಮುಟ್ಟಿದ್ರಾ?” ಎಂದಳು.

ನಾನು ಕಾಫಿಯ ಲೋಟ ಕೆಳಗಿಟ್ಟೆ.

“ಮುಟ್ಟಿದ್ರೆ ಒಂದು ಫೋನ್ ಮಾಡ್ಬಾರ್ದಾ ರೀ? ಬೆಳಿಗ್ಗೆ ಏಳರಿಂದ ಕಸಬರಿಗೆ ಹಿಡ್ಕೊಂಡು ಕೂತಿದ್ದೀನಿ.”